ಎಷ್ಟು ಮೆಗಾಹರ್ಟ್ಸ್ ಸಾರ್?

ನಮ್ಮ ಕಡೆ ಡಿಪ್ಲೊಮಾ, ಬಿ.ಇ. ಓದಿದವರ ಬಾಯಲ್ಲಿ ಆಸಿಲೋಸ್ಕೋಪ್ ಇವತ್ತಿಗೂ ‘ಸಿಆರ್‌ಒ’. ಒಳಗಿನ ಕ್ಯಾಥೋಡ್ ರೇ ಕೊಳವೆ ಹೋಗಿ ಎಲ್‌ಸಿಡಿ ಬಂದರೂ ಹೆಸರು ಹೋಗಿಲ್ಲ. ಲ್ಯಾಬಿನಲ್ಲಿ ನಾಲ್ವರಿಗೆ ಒಂದು, ಅದರಲ್ಲೂ ಒಂದು ಚಾನೆಲ್ ಕೆಟ್ಟದ್ದು. ಲಿಸಾಜು ಆಕೃತಿ ತೋರಿಸಿ ರೆಕಾರ್ಡ್ ಪುಸ್ತಕಕ್ಕೆ ಸಹಿ ಹಾಕಿಸಿಕೊಂಡರೆ ಅದರ ಸಹವಾಸ ಮುಗಿಯಿತು. ಮುಂದೆ ಮನೆಯಲ್ಲಿ ಆಂಪ್ಲಿಫೈಯರ್ ಕಟ್ಟುವ ಹುಚ್ಚು ಹಿಡಿದಾಗ ಮತ್ತೆ ಅದರ ನೆನಪಾಗುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ಕೇಳಿದರೆ ಕೌಂಟರಿನ ಆಚೆಯಿಂದ ಬರುವ ಮೊದಲ ಮಾತು: ‘ಎಷ್ಟು ಮೆಗಾಹರ್ಟ್ಸ್ ಸಾರ್?’ ಆಡಿಯೊ ಕೆಲಸಕ್ಕೆ ಸ್ಕೋಪ್ ಕೊಳ್ಳುವವರು ಕೊನೆಗೆ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು ಎಂಬುದೇ ನನ್ನ ತಕರಾರು.

ಕಿವಿಯ ವ್ಯಾಪ್ತಿ 20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್. ಹಾಗಾದರೆ 200 ಕಿಲೋಹರ್ಟ್ಸ್ ತೋರಿಸುವ ಡಿಎಸ್‌ಒ138 ಕಿಟ್ ಸಾಕಲ್ಲ ಎಂದು ಅನೇಕರು ಲೆಕ್ಕ ಹಾಕುತ್ತಾರೆ. ನಾನೂ ಹಾಕಿದ್ದೆ. ಆಗ ಮೇಜಿನ ಮೇಲೆ ಟಿಡಿಎ2030 ಚಿಪ್ಪಿನ ಸಣ್ಣ ಆಂಪ್ಲಿಫೈಯರ್ ಒಂದಿತ್ತು. ಹಾಡು ಹಾಕದಿದ್ದರೂ ಅದರ ಹೀಟ್‌ಸಿಂಕ್ ಮುಟ್ಟಲಾಗದಷ್ಟು ಕಾಯುತ್ತಿತ್ತು. ಮಲ್ಟಿಮೀಟರ್ ಎಲ್ಲ ಸರಿಯಿದೆ ಎಂದಿತು, ಕಿಟ್ಟಿನ ಪರದೆ ನೇರ ಗೆರೆ ತೋರಿಸಿತು. ಗೆಳೆಯನ ಮನೆಯ ಹಳೇ 20 ಮೆಗಾಹರ್ಟ್ಸ್ ಸಿಆರ್‌ಒಗೆ ಸಿಕ್ಕಿಸಿದಾಗ ಗುಟ್ಟು ರಟ್ಟಾಯಿತು. ಗೆರೆ ಇರಬೇಕಾದ ಕಡೆ ಬೆರಳಗಲದ ಹಸಿರು ಪಟ್ಟಿ! ಟೈಮ್‌ಬೇಸ್ ತಿರುಗಿಸುತ್ತ ಹೋದಂತೆ ಆ ಪಟ್ಟಿ ಬಿಡಿಸಿಕೊಂಡು, ಮೆಗಾಹರ್ಟ್ಸ್ ದಾಟಿದ ಅಲೆಯಾಗಿ ನಿಂತಿತು. ಚಿಪ್ಪು ತನ್ನಷ್ಟಕ್ಕೆ ತಾನೇ ಆಸಿಲೇಟ್ ಆಗುತ್ತಿತ್ತು. ಔಟ್‌ಪುಟ್ಟಿನಿಂದ ಗ್ರೌಂಡಿಗೆ ಹಾಕಬೇಕಾದ ಒಂದು ಓಮ್ ರೆಸಿಸ್ಟರ್ ಮತ್ತು ಸಣ್ಣ ಕೆಪಾಸಿಟರನ್ನು ‘ಇಷ್ಟಕ್ಕೇನಾದೀತು’ ಎಂದು ಬಿಟ್ಟಿದ್ದೆ. ಕಿವಿಗೆ ಕೇಳದ್ದನ್ನೂ ಕಾಣಬೇಕು ಎನ್ನುವುದಕ್ಕಾಗಿಯೇ ಆಡಿಯೊದವರಿಗೆ ಮೆಗಾಹರ್ಟ್ಸ್ ಬೇಕು. ಆದರೆ 20 ಸಾಕು, 50 ಧಾರಾಳ. ಅದರಾಚೆ ಕೊಡುವ ಪ್ರತಿ ರೂಪಾಯಿಯೂ ರೇಡಿಯೊದವರ, ಡಿಜಿಟಲ್‌ನವರ ಬಾಬ್ತು.

ನಮ್ಮ ಕೆಲಸ ನಿಜವಾಗಿ ತಡವರಿಸುವುದು ಸಣ್ಣ ಸಿಗ್ನಲ್ಲಿನ ಹತ್ತಿರ. ರೆಕಾರ್ಡ್ ಪ್ಲೇಯರಿನ ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್ ಕೊಡುವುದು ಸುಮಾರು 5 ಮಿಲಿವೋಲ್ಟ್. ಪ್ರೋಬಿನ ಸ್ವಿಚ್ 10ಎಕ್ಸ್‌ನಲ್ಲಿದ್ದರೆ ಸ್ಕೋಪಿಗೆ ಮುಟ್ಟುವುದು ಅರ್ಧ ಮಿಲಿವೋಲ್ಟ್, ಅಂದರೆ ಕಾಣುವುದು ಬರೀ ಗಲೀಜು. ಆಗ 1ಎಕ್ಸ್‌ಗೆ ತಳ್ಳಬೇಕು. ಬ್ಯಾಂಡ್‌ವಿಡ್ತ್ ಆರೇಳು ಮೆಗಾಹರ್ಟ್ಸ್‌ಗೆ ಇಳಿದರೂ ನಮಗೆ ನಷ್ಟವಿಲ್ಲ. (ವಾಲ್ವ್ ಆಂಪ್ಲಿಫೈಯರಿನ ಮುನ್ನೂರು, ನಾನೂರು ವೋಲ್ಟಿನ ಮುಂದೆ ಮಾತ್ರ ಈ ಧೈರ್ಯ ಬೇಡ. ಅಲ್ಲಿ 10ಎಕ್ಸೇ ಗತಿ, ಅದೂ ಪ್ರೋಬಿನ ಮೇಲೆ ಬರೆದ ಮಿತಿ ಓದಿಕೊಂಡ ಮೇಲೆ.)

ಈ ಕಣ್ಣಿನಿಂದ ನೋಡಿದರೆ ಹವ್ಯಾಸಿಗಳ ಮನೆದೇವರಾಗಿದ್ದ ರಿಗಾಲ್ ಡಿಎಸ್1054ಝಡ್‌ನ ಬೆಲೆ ಸ್ವಲ್ಪ ಇಳಿಯುತ್ತದೆ. ನಾಲ್ಕು ಚಾನೆಲ್, 50 ಮೆಗಾಹರ್ಟ್ಸ್, ಬೇಡವೆಂದರೂ ಬರುವಷ್ಟು ಮೆನು. ಆದರೆ ಅದು 8 ಬಿಟ್‌ನದು. ಎತ್ತರವನ್ನು ಅಳೆಯಲು ಇರುವುದು 256 ಮೆಟ್ಟಿಲು. ಎಂಟು ವೋಲ್ಟಿನ ಅಲೆಯಿಂದ ಪರದೆ ತುಂಬಿಸಿದರೆ ಒಂದೊಂದು ಮೆಟ್ಟಿಲು ಸುಮಾರು 31 ಮಿಲಿವೋಲ್ಟ್. ಆ ಅಲೆಯ ಬೆನ್ನ ಮೇಲೆ ಕೂತ 10 ಮಿಲಿವೋಲ್ಟಿನ ಹಮ್ಮು ಮೆಟ್ಟಿಲಿನಡಿಯಲ್ಲೇ ಅಡಗಿಬಿಡುತ್ತದೆ. 2023ರಲ್ಲಿ ಬಂದ ಅದೇ ಕಂಪನಿಯ ಡಿಎಚ್‌ಒ804 12 ಬಿಟ್‌ನದು, 4096 ಮೆಟ್ಟಿಲು. ಅದೇ ಅಲೆಗೆ ಮೆಟ್ಟಿಲು ಸುಮಾರು 2 ಮಿಲಿವೋಲ್ಟಿಗೆ ಇಳಿಯುತ್ತದೆ. ಅಂಗಡಿಯವನು 70 ಮೆಗಾಹರ್ಟ್ಸ್ ಎಂದು ಹೊಗಳುತ್ತಾನೆ. ನಾನು ಹೊಗಳುವುದು ಈ ಮೆಟ್ಟಿಲುಗಳನ್ನು.

ಹಳೇ ಸಿಆರ್‌ಒ? ಅದಕ್ಕೆ ಮೆಟ್ಟಿಲೇ ಇಲ್ಲ. 741 ಆಪ್‌ಆಂಪಿಗೆ 20 ಕಿಲೋಹರ್ಟ್ಸ್ ಸೈನ್ ಕೊಟ್ಟು ವಾಲ್ಯೂಮ್ ಏರಿಸುತ್ತ ಹೋಗಿ. ಅದರ ಸ್ಲ್ಯೂ ರೇಟ್ ಮೈಕ್ರೋಸೆಕೆಂಡಿಗೆ ಅರ್ಧ ವೋಲ್ಟ್. ಅಲೆಯ ಶಿಖರ 4 ವೋಲ್ಟ್ ದಾಟುತ್ತಿದ್ದಂತೆ ಇಳಿಜಾರುಗಳು ನೆಟ್ಟಗಾಗಿ, ದುಂಡನೆಯ ಅಲೆ ತ್ರಿಕೋನವಾಗುವುದನ್ನು ಆ ಹಸಿರು ಗೆರೆಯಲ್ಲಿ ನೋಡುವ ಸುಖವೇ ಬೇರೆ. ಆದರೆ ಸೆಕೆಂಡ್ ಹ್ಯಾಂಡ್ ಕೊಂಡರೆ ಸ್ವಿಚ್ಚುಗಳಿಗೆ ಕ್ಲೀನರ್ ಹೊಡೆಯುತ್ತ ಕೂರುವ ತಾಳ್ಮೆ ಇರಬೇಕು, ಕೊಳವೆ ಹೋದರೆ ಪೆಟ್ಟಿಗೆಯೇ ಹೋದಂತೆ. ರಿಪೇರಿಯೂ ಹವ್ಯಾಸವೇ ಎನ್ನುವವರಿಗೆ ಮಾತ್ರ ಅದು.

ಇಷ್ಟೆಲ್ಲ ಆದರೂ ಯಾವ ಸ್ಕೋಪೂ ಹೇಳದ ಸಂಗತಿಯೊಂದಿದೆ: ಡಿಸ್ಟಾರ್ಷನ್. ಶೇಕಡಾ ಒಂದರಷ್ಟು ಅಲೆ ಕೆಟ್ಟಿದ್ದರೂ ಬರಿಗಣ್ಣಿಗೆ ಕಾಣುವುದು ಕಷ್ಟ. ಒಳ್ಳೆಯ ಆಂಪ್ಲಿಫೈಯರಿನಲ್ಲಿ ಅದು ಶೇ. 0.01ರ ಆಸುಪಾಸು, ಅಂದರೆ ಹತ್ತು ಸಾವಿರದಲ್ಲಿ ಒಂದು ಪಾಲು. ಆ ಲೆಕ್ಕಕ್ಕೆ 24 ಬಿಟ್‌ನ ಯುಎಸ್‌ಬಿ ಸೌಂಡ್ ಕಾರ್ಡ್, ಪುಕ್ಕಟೆ ಸಿಗುವ ರೂಮ್ ಇಕ್ಯೂ ವಿಝರ್ಡ್ ತಂತ್ರಾಂಶ, ವೋಲ್ಟೇಜ್ ಇಳಿಸಲು ಎರಡು ರೆಸಿಸ್ಟರ್ ಇದ್ದರೆ ಆಯಿತು. ಸ್ಕೋಪಿನ ಎಫ್ಎಫ್‌ಟಿ ನೋಡಿ ಮರುಳಾಗಿ ದುಡ್ಡು ಸುರಿಯುವವರಿಗೆ ಇದನ್ನು ಯಾರೂ ಹೇಳುವುದಿಲ್ಲ.

ಚಾನೆಲ್ ಮಾತ್ರ ಎರಡು ಬೇಕೇ ಬೇಕು. ಇದನ್ನು ನಾನು ಒಂದು ಕ್ಲಾಸ್-ಡಿ ಬೋರ್ಡ್ ಸುಟ್ಟು ಕಲಿತೆ. ಅಂಥ ಬ್ರಿಜ್ ಆಂಪ್ಲಿಫೈಯರುಗಳಲ್ಲಿ ಸ್ಪೀಕರಿನ ಎರಡೂ ತಂತಿಗಳು ಜೀವಂತ, ಯಾವುದೂ ಗ್ರೌಂಡ್ ಅಲ್ಲ. ಪ್ರೋಬಿನ ಕಪ್ಪು ಕ್ಲಿಪ್ಪೋ ಸ್ಕೋಪಿನ ಮೂಲಕ ಗೋಡೆಯ ಅರ್ಥಿಗೆ ಸೇರಿದ್ದು. ಹಾಡು ಕೊಡುತ್ತಿದ್ದ ಕಂಪ್ಯೂಟರ್ ಆಂಪ್ಲಿಫೈಯರಿನ ಗ್ರೌಂಡನ್ನೂ ಅದೇ ಅರ್ಥಿಗೆ ಕಟ್ಟಿತ್ತು. ಕ್ಲಿಪ್ಪನ್ನು ಸ್ಪೀಕರ್ ತಂತಿಗೆ ಕಚ್ಚಿಸಿದೆ; ಚಿಟ್ಟೆಂದಿತು, ಕಮಟು ವಾಸನೆ. ಸರಿಯಾದ ಕ್ರಮ ಸುಲಭ: ಎರಡು ಪ್ರೋಬುಗಳ ತುದಿ ಎರಡು ತಂತಿಗೆ, ಕ್ಲಿಪ್ಪುಗಳೆರಡೂ ಆಂಪ್ಲಿಫೈಯರಿನ ಗ್ರೌಂಡಿಗೆ, ಮೆನುವಿನಲ್ಲಿ ಒಂದನೆಯದರಿಂದ ಎರಡನೆಯದನ್ನು ಕಳೆಯುವುದು.

ಅಂಗಡಿಗೆ ಹೋದಾಗ ಹೀಗೆ ಮಾಡಿ. ಪ್ರೋಬನ್ನು 1ಎಕ್ಸ್‌ಗೆ ತಳ್ಳಿ, ತುದಿಯನ್ನು ಅದರದೇ ಕ್ಲಿಪ್ಪಿಗೆ ಕಚ್ಚಿಸಿ, ಒಂದು ಮನೆಗೆ 1 ಮಿಲಿವೋಲ್ಟ್ ಇಡಿ, 20 ಮೆಗಾಹರ್ಟ್ಸ್ ಮಿತಿಯ ಗುಂಡಿ ಇದ್ದರೆ ಒತ್ತಿ. ಗೆರೆ ಆಗಲೂ ಹಗ್ಗದಂತೆ ದಪ್ಪಗಿದ್ದರೆ, ಮೆಗಾಹರ್ಟ್ಸ್ ಎಷ್ಟೇ ಇರಲಿ, ಡಬ್ಬ ಮುಚ್ಚಿ ವಾಪಸ್ ಕೊಟ್ಟುಬಿಡಿ.