ದೂರದಿಂದ ಕಂಡ ವೆನಿಸ್

ಕೆಲವು ಚಿತ್ರಗಳು ಕಣ್ಣಿಗೆ ಬಿದ್ದ ಕೂಡಲೇ ಮನಸ್ಸನ್ನು ಒಲಿಸಿಕೊಂಡುಬಿಡುತ್ತವೆ. ಹತ್ತೊಂಬತ್ತನೇ ಶತಮಾನದ ಫ್ರೆಂಚ್ ಚಿತ್ರಕಾರ ಫೆಲಿಕ್ಸ್ ಜಿಯೆಮ್ ಬರೆದ ವೆನಿಸ್ ನಗರದ ಚಿತ್ರಗಳು ಅಂಥವು. ಪುಸ್ತಕಗಳಲ್ಲಿ ಅಚ್ಚಾದ ಪ್ರತಿಗಳನ್ನಷ್ಟೇ ನೋಡಿದವಳು ನಾನು. ಆದರೂ ಆ ಹಳದಿ, ಆ ಕೇಸರಿ, ನೀರಿನ ಮೇಲೆ ಚೂರುಚೂರಾಗಿ ಬಿದ್ದ ಆ ಬೆಳಕು ಕಣ್ಣು ತೆಗೆಯಗೊಡಲಿಲ್ಲ. ಮತ್ತೆ ಮತ್ತೆ ನೋಡುವಾಗ ಮಾತ್ರ ಒಂದು ಪ್ರಶ್ನೆ ಕಾಡತೊಡಗಿತು: ಇಷ್ಟು ಚೆಂದದ ಊರಿನಲ್ಲಿ ಬದುಕುತ್ತಿದ್ದವರು ಯಾರು?

ಜಿಯೆಮ್ ಹುಟ್ಟಿದ್ದು 1821ರಲ್ಲಿ, ಫ್ರಾನ್ಸಿನ ಬೋನ್ ಎಂಬ ಊರಿನಲ್ಲಿ. ಮೊದಲು ಕಲಿತದ್ದು ಕಟ್ಟಡ ಕಟ್ಟುವ ವಿದ್ಯೆ. 1840ರ ದಶಕದಲ್ಲಿ ವೆನಿಸ್ ಕಂಡವನು ಮತ್ತೆ ಅದನ್ನು ಬಿಡಲಿಲ್ಲ. ವರ್ಷಗಳುದ್ದಕ್ಕೂ ಹೋಗಿಬರುತ್ತಲೇ ಇದ್ದ. ಫ್ರಾನ್ಸಿನ ದಕ್ಷಿಣದಲ್ಲಿ ಅವನು ನೆಲೆ ಮಾಡಿಕೊಂಡ ಮಾರ್ತಿಗ್ ಕೂಡ ಕಾಲುವೆಗಳ ಊರೇ.

ಅವನ ಚಿತ್ರಗಳಲ್ಲಿ ಊರು ನಡುವೆ ಒಂದು ಸಣ್ಣ ಪಟ್ಟಿ, ಅಷ್ಟೆ. ಮೇಲೆ ಅಗಾಧ ಆಕಾಶ, ಕೆಳಗೆ ಅಷ್ಟೇ ಅಗಾಧ ನೀರು. ದೊರೆಗಳ ಅರಮನೆ, ಸಾಲೂತೆ ಚರ್ಚಿನ ಗುಮ್ಮಟ, ಮೀನುದೋಣಿಗಳ ಕಾವಿಬಣ್ಣದ ಹಾಯಿ ಎಲ್ಲವೂ ಆ ಪಟ್ಟಿಯಲ್ಲೇ. ಗೆರೆಗಳು ಕರಗಿದಂತಿದ್ದರೂ ಕಟ್ಟಡಗಳು ಕುಸಿಯುವುದಿಲ್ಲ. ಮೊದಲು ಕಲಿತ ವಿದ್ಯೆ ಕೈಬಿಟ್ಟಿಲ್ಲ. ವೆನಿಸ್ ಇರುವುದು ಆಳವಿಲ್ಲದ ಉಪ್ಪುನೀರಿನ ಹಿನ್ನೀರಿನಲ್ಲಿ. ಗಾಳಿಯಲ್ಲಿ ಸದಾ ತೇವ. ಅಲ್ಲಿ ಬಿಸಿಲು ಗೋಡೆಗೆ ಬಡಿಯುವುದಿಲ್ಲ, ಗಾಳಿಯಲ್ಲೇ ನೆನೆಯುತ್ತದೆ. ಅದನ್ನು ಬಣ್ಣದಲ್ಲಿ ಹಿಡಿಯುವುದು ಸಾಮಾನ್ಯ ಕೆಲಸವಲ್ಲ.

ಆದರೆ ಕೊಳ್ಳುವವರು ಕೇಳಿದ್ದೂ ಇದೇ ಬೆಳಕನ್ನು. ಅವನೂ ಕೊಡುತ್ತಾ ಹೋದ. ಹೀಗೆ ಹತ್ತು ಚಿತ್ರಗಳನ್ನು ಒಟ್ಟಿಗೆ ನೋಡಿದರೆ ಎಲ್ಲ ಅಡುಗೆಗೂ ಒಂದೇ ಒಗ್ಗರಣೆ ಹಾಕಿದ ಹಾಗನ್ನಿಸುತ್ತದೆ. ನನಗೆ ಹೆಚ್ಚು ಹಿಡಿಸಿದ್ದು ಅವನ ಚಿಕ್ಕ ಚಿಕ್ಕ ಕರಡು ಚಿತ್ರಗಳು. ಅಲ್ಲಿ ಕೈ ಇನ್ನೂ ಹುಡುಕುತ್ತಿದೆ, ಯಾರನ್ನೂ ಮೆಚ್ಚಿಸುವ ಆತುರವಿಲ್ಲ. 1905ರಲ್ಲಿ ಅವನು ಪ್ಯಾರಿಸ್ಸಿನ ಪೆತಿ ಪಾಲೆ ಸಂಗ್ರಹಾಲಯಕ್ಕೆ ತನ್ನ ಕೃತಿಗಳ ದೊಡ್ಡ ಕಾಣಿಕೆಯನ್ನೇ ಕೊಟ್ಟ. 1910ರಲ್ಲಿ, ಅವನು ಬದುಕಿರುವಾಗಲೇ, ಅವನ ಚಿತ್ರಗಳು ಲೂವ್ರ್ ಸೇರಿದವು. ಅದು ದೊಡ್ಡ ಗೌರವ. ಮರುವರ್ಷ ತೀರಿಕೊಂಡ.

ಇನ್ನು ಆ ಪಟ್ಟಿಯೊಳಗಿನ ಊರು. ಜಿಯೆಮ್ ಮೊದಲು ಕಂಡಾಗ ವೆನಿಸ್ ಆಸ್ಟ್ರಿಯಾದ ಆಳ್ವಿಕೆಯಲ್ಲಿತ್ತು. 1848ರಲ್ಲಿ ಜನ ದಂಗೆಯೆದ್ದರು. ಫಿರಂಗಿ, ಹಸಿವು, ಕಾಲರಾಗಳಿಂದ ಜರ್ಜರಿತವಾಗಿ 1849ರ ಆಗಸ್ಟ್‌ನಲ್ಲಿ ಶರಣಾದರು. ಬಿಡುಗಡೆ ಸಿಕ್ಕಿದ್ದು 1866ರಲ್ಲಿ. ಗಲ್ಲಿಗಳಲ್ಲಿ ಬಡ ಹೆಂಗಸರು ತೊಡೆಯ ಮೇಲೆ ಮರದ ತಟ್ಟೆಯಿಟ್ಟುಕೊಂಡು, ಬೀಸಣಿಗೆಯಂತೆ ಹರಡಿದ ಉದ್ದುದ್ದ ಸೂಜಿಗಳನ್ನು ಆಡಿಸುತ್ತಾ ಗಾಜಿನ ಮಣಿ ಪೋಣಿಸುತ್ತಿದ್ದರು. ದೇಶದೇಶಗಳಿಗೆ ಹೋಗುತ್ತಿದ್ದ ಆ ಸರಗಳಿಗಾಗಿ ಬೆನ್ನು ಬಗ್ಗಿಸಿದವರಿಗೆ ಸಿಗುತ್ತಿದ್ದುದು ಪುಡಿಗಾಸು. ಪಕ್ಕದ ಬುರಾನೋ ದ್ವೀಪದಲ್ಲಿ 1872ರಲ್ಲಿ ಕಸೂತಿ ಜಾಲರಿಯ ಶಾಲೆ ತೆರೆದದ್ದು ಬಡತನಕ್ಕೊಂದು ದಾರಿಯೆಂದೇ.

ಇವರು ಚಿತ್ರಕ್ಕೆ ಬರಲಾರದವರೇನಲ್ಲ. ಅಮೆರಿಕದ ಸಾರ್ಜೆಂಟ್ 1880ರ ಆಸುಪಾಸಿನಲ್ಲಿ ಈ ಮಣಿ ಪೋಣಿಸುವವರನ್ನೇ ಬರೆದ. ಅಲ್ಲಿ ಹೊಂಬಿಸಿಲಿಲ್ಲ. ಮಬ್ಬುಗತ್ತಲ ಒಳಾಂಗಣ, ಅದರಲ್ಲಿ ಕೆಲಸದ ಹೆಂಗಸರು. ಅದೇ ವೆನಿಸ್, ಅದೇ ಕಾಲ.

ಹಾಗೆಂದು ಜಿಯೆಮ್ ಸುಳ್ಳು ಹೇಳಿದ ಎನ್ನಲಾರೆ. ಎಲ್ಲರೂ ಎಲ್ಲವನ್ನೂ ಬರೆಯಬೇಕೆಂಬ ಕಟ್ಟಳೆ ಎಲ್ಲಿದೆ? ಅವನು ಕಂಡ ಬೆಳಕು ನಿಜ. ಆದರೆ ಅದು ನೀರಿನ ಮೇಲಿಂದ, ದೂರದಿಂದ ಕಂಡ ನಿಜ. ಮುಸ್ಸಂಜೆಯಲ್ಲಿ ದೀಪ ಹಚ್ಚಿದ ಮನೆ ಬೀದಿಯಿಂದ ನೋಡುವವರಿಗೆ ಎಷ್ಟು ಚೆಂದ! ಒಳಗೆ ಒಲೆಯ ಮುಂದೆ ಕೂತವಳಿಗೆ ಆ ಚೆಂದ ಕಾಣುವುದಿಲ್ಲ. ಅವಳೂ ಆ ಚೆಂದದೊಳಗೆ ಸೇರಿದವಳೆಂದು ದಾರಿಹೋಕರಿಗೂ ಹೊಳೆಯುವುದಿಲ್ಲ. ಇದನ್ನು ನಮಗೆ, ಹೆಂಗಸರಿಗೆ, ಬೇರೆಯವರು ಬಿಡಿಸಿ ಹೇಳಬೇಕಿಲ್ಲ.

ಅವನ ಚಿತ್ರ ಎಲ್ಲಾದರೂ ಸಿಕ್ಕರೆ ಆಕಾಶವನ್ನು ಕಣ್ತುಂಬ ನೋಡಿ, ಅದಕ್ಕೇನೂ ಜಿಪುಣತನ ಬೇಡ. ಆಮೇಲೆ ದೋಣಿಗಳತ್ತ, ದಡದತ್ತ ಬನ್ನಿ. ಅಲ್ಲಿ ಕೆಂಪು, ಬಿಳಿಯ ಪುಟ್ಟ ಪುಟ್ಟ ಚುಕ್ಕೆಗಳಿರುತ್ತವೆ. ಬಣ್ಣ ಏರಲೆಂದು ಅವನು ಇಟ್ಟದ್ದಿರಬಹುದು. ಅವು ಮನುಷ್ಯರು.