ಕಟ್ಟೆಯಿಲ್ಲದ ಕುರುಕ್ಷೇತ್ರ

ಚೌಕಾಬಾರದ ಕಾನೂನು ಊರಿಗೊಂದಲ್ಲ, ಮನೆಗೊಂದು. ಇದು ಚೆನ್ನಾಗಿ ಗೊತ್ತಿರುವುದು ಒಂದು ಮನೆಯಲ್ಲಿ ಆಟ ಕಲಿತು ಇನ್ನೊಂದು ಮನೆಯಲ್ಲಿ ಆಡಬೇಕಾಗಿ ಬಂದ ನಮ್ಮಂಥ ಹೆಂಗಸರಿಗೆ. ಹುಣಸೂರಿನ ನನ್ನ ತವರಿನಲ್ಲಿ ಎದುರಾಳಿಯದು ಒಂದೇ ಒಂದು ಕಾಯಿ ಹೊರಗಿದ್ದರೆ, ನಮಗೆ ನಡೆಸಲು ಬೇರೆ ಕಾಯಿ ಇರುವವರೆಗೂ ಅದನ್ನು ಕಡಿಯುವಂತಿರಲಿಲ್ಲ. ಮದುವೆಯಾಗಿ ಕೆ.ಆರ್. ನಗರಕ್ಕೆ ಬಂದರೆ ನಮ್ಮತ್ತೆಯವರ ಕಾನೂನು ತಲೆಕೆಳಗು. ಕಡಿಯುವ ಗರ ಬಿದ್ದೂ ಕಡಿಯದೆ ಬಿಟ್ಟರೆ ನಮ್ಮ ಕಾಯಿಯೇ ಮನೆಗೆ ವಾಪಸ್ಸು! ಪಕ್ಕದ ಮನೆಯ ಪಿರಿಯಾಪಟ್ಟಣದ ಸೊಸೆ ಆಟಕ್ಕೆ ಕೂತರಂತೂ ಮೂರನೆಯ ಸಂವಿಧಾನ. ಒಂದೇ ಮನೆಯಲ್ಲಿ ಕೂತ ಎರಡು ಕಾಯಿ ‘ಗಟ್ಟಿ’, ಗಟ್ಟಿಯನ್ನು ಕಡಿಯಲು ಗಟ್ಟಿಯೇ ಬರಬೇಕು ಎಂದು ಆಕೆಯ ವಾದ. ಈ ಚರ್ಚೆ ಮುಗಿಯುವ ಹೊತ್ತಿಗೆ ಒಲೆಯ ಮೇಲಿನ ಹಾಲು ಎಷ್ಟು ಸಲ ಉಕ್ಕಿದೆಯೋ ಲೆಕ್ಕವಿಲ್ಲ.

ಯೋಚಿಸಿದರೆ ಈ ಎಲ್ಲ ಜಗಳವೂ ಒಂದೇ ಪ್ರಶ್ನೆಯದು. ತಿರುಗಿ ಹೊಡೆಯಲಾಗದೆ ನಿಂತವರನ್ನು ಹೊಡೆಯಬಹುದೇ? ಪಾಪ, ಕಾಯಿಗೆ ಕೈಯಿಲ್ಲ, ಕತ್ತಿಯಿಲ್ಲ. ತನ್ನ ಸರದಿ ಬರುವವರೆಗೆ ನಿಂತಲ್ಲೇ ನಿಂತಿರಬೇಕು. ಆಟ ಮರೆತವರಿಗಾಗಿ ಹೇಳುತ್ತೇನೆ: ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದ 25 ಮನೆ, ನಾಲ್ಕು ಕವಡೆ, ಕವಡೆಯಿಲ್ಲದಿದ್ದರೆ ಒಂದು ಮಗ್ಗುಲು ಉಜ್ಜಿ ಬೆಳ್ಳಗೆ ಮಾಡಿದ ಹುಣಸೆ ಬೀಜ. ಕಾಯಿಗಳು ಒಡೆದ ಬಳೆಯ ಚೂರು. ಕನಿಷ್ಠ ಒಂದು ಕಾಯನ್ನಾದರೂ ಕಡಿಯದವರಿಗೆ ಒಳಸುತ್ತಿಗೆ ದಾರಿಯಿಲ್ಲ, ಅಂದರೆ ಹಣ್ಣಾಗುವ ಯೋಗವಿಲ್ಲ. ಇಷ್ಟು ನಿಷ್ಠುರವಾದ ಆಟದಲ್ಲೂ ಐದು ಮನೆಗಳಿಗೆ ಅಡ್ಡಗೆರೆ ಎಳೆದು ‘ಕಟ್ಟೆ’ ಎಂದು ಕರೆದಿದ್ದಾರೆ. ಕಟ್ಟೆಯ ಮೇಲೆ ಕೂತ ಕಾಯನ್ನು ಯಾರೂ ಮುಟ್ಟುವಂತಿಲ್ಲ. ಅದು ಯಾರ ಕಾಯಿ, ಹಿಂದಿನ ಸುತ್ತಿನಲ್ಲಿ ಎಷ್ಟು ಜನರನ್ನು ಕಡಿದು ಬಂತು ಎಂದು ಕಟ್ಟೆ ಕೇಳುವುದಿಲ್ಲ. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಇದೇ ಪ್ರಶ್ನೆಯನ್ನು ನಮ್ಮ ಸೀಮೆಯ ಜನ ರಾತ್ರಿಯಿಡೀ ಚಾಪೆಯ ಮೇಲೆ ಕೂತು ನೋಡುವುದೂ ಉಂಟು. ಅದೇ ಕುರುಕ್ಷೇತ್ರ ನಾಟಕ. ಗುಬ್ಬಿ ಕಂಪನಿಯವರು ರಂಗದ ಮೇಲೆ ನಿಜವಾದ ಆನೆ ಕುದುರೆಗಳನ್ನು ತಂದು ಆಡಿದ ಕುರುಕ್ಷೇತ್ರದ ವೈಭವ ಹಳಬರ ಬಾಯಲ್ಲಿ ಉಳಿದಿದೆ. ನಮ್ಮ ಹಳ್ಳಿಗಳಲ್ಲಿ ಆನೆಯಿಲ್ಲದಿದ್ದರೂ ಹುಮ್ಮಸ್ಸಿಗೆ ಕೊರತೆಯಿಲ್ಲ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಕಲಿಸುತ್ತಾರೆ, ಪಾತ್ರಕ್ಕೆ ಇಷ್ಟು ಎಂದು ಕೈಯಿಂದ ದುಡ್ಡು ಹಾಕಿ ವೇಷ ಕಟ್ಟುತ್ತಾರೆ. ಹೆಗ್ಗಡದೇವನಕೋಟೆ ಕಡೆಯ ಒಂದು ಹಳ್ಳಿಯ ಜಾತ್ರೆಯಲ್ಲಿ ನಾನು ನೋಡಿದ ಕರ್ಣ, ರಥದ ಗಾಲಿ ಹೂತ ಮೇಲೆ ಐದು ಹಾಡು ಹಾಡಿದ. ಕೊಟ್ಟ ದುಡ್ಡಿಗೆ ಅಷ್ಟಾದರೂ ಬೇಡವೇ? ಅರ್ಜುನ ಬಿಲ್ಲು ಹಿಡಿದು ತಾಳ್ಮೆಯಿಂದ ಕಾದ. ಪುರಾಣದಲ್ಲಿ ಆತ ಅಷ್ಟು ಕಾದಿದ್ದರೆ ಕಥೆಯೇ ಬೇರೆಯಾಗುತ್ತಿತ್ತು.

ನಗೆ ಹಾಗಿರಲಿ. ಆ ಯುದ್ಧಕ್ಕೂ ಮನೆಯ ಕಾನೂನು ಇತ್ತು. ಭೀಷ್ಮಪರ್ವದ ಆರಂಭದಲ್ಲೇ ಎರಡೂ ಕಡೆಯವರು ಕೂಡಿ ಒಪ್ಪಂದ ಮಾಡಿಕೊಳ್ಳುತ್ತಾರೆ. ರಥಿಕನೊಂದಿಗೆ ರಥಿಕ, ಕಾಲಾಳಿನೊಂದಿಗೆ ಕಾಲಾಳು ಹೋರಬೇಕು. ಎಚ್ಚರಿಸದೆ ಹೊಡೆಯಬಾರದು. ಇನ್ನೊಬ್ಬನೊಂದಿಗೆ ಕಾದುತ್ತಿರುವವನು, ಬೆನ್ನು ತಿರುಗಿಸಿದವನು, ಆಯುಧ ಕಳೆದುಕೊಂಡವನು, ಕವಚವಿಲ್ಲದವನು, ಇವರನ್ನು ಹೊಡೆಯಬಾರದು. ಸಾರಥಿಗಳನ್ನು, ಶಂಖ ಭೇರಿ ಬಾರಿಸುವವರನ್ನು ಮುಟ್ಟಬಾರದು. ಇಂಥ ಒಳ್ಳೆಯ ಕಾನೂನು ಹದಿನೆಂಟು ದಿನ ಬಾಳಲಿಲ್ಲ. ಹತ್ತನೆಯ ದಿನ ಶಿಖಂಡಿಯನ್ನು ಮುಂದಿಟ್ಟುಕೊಂಡು ಭೀಷ್ಮನನ್ನು ಕೆಡವಿದರು. ಹದಿಮೂರನೆಯ ದಿನ ಅಭಿಮನ್ಯುವನ್ನು ಹಲವರು ಸುತ್ತುವರಿದು ಕೊಂದರು. ಹದಿನಾಲ್ಕರಂದು, ಅರ್ಜುನನ ಬಾಣದಿಂದ ತೋಳು ಕಳೆದುಕೊಂಡು ಪ್ರಾಣ ಬಿಡಲು ಕೂತಿದ್ದ ಭೂರಿಶ್ರವಸ್ಸಿನ ತಲೆಯನ್ನು ಸಾತ್ಯಕಿ ಕಡಿದ. ಹದಿನೈದಕ್ಕೆ ಆಯುಧ ಕೆಳಗಿಟ್ಟ ದ್ರೋಣ, ಹದಿನೇಳಕ್ಕೆ ಗಾಲಿ ಎತ್ತುತ್ತಿದ್ದ ಕರ್ಣ, ಹದಿನೆಂಟಕ್ಕೆ ತೊಡೆ ಮುರಿಸಿಕೊಂಡ ದುರ್ಯೋಧನ. ಆ ರಾತ್ರಿ ಅಶ್ವತ್ಥಾಮ ಪಾಳೆಯಕ್ಕೆ ನುಗ್ಗಿ ಮಲಗಿದ್ದವರನ್ನು ಕೊಂದ.

ಈ ಸಾಲಿನಲ್ಲಿ ಪ್ರತಿಯೊಬ್ಬರಿಗೂ ಹಿಂದಿನವರ ತಪ್ಪೇ ಸಮರ್ಥನೆ. ನಮ್ಮ ಕವಿಗಳಿಗೆ ಇದು ಇರಿಸುಮುರಿಸಾಗಿತ್ತು ಎನ್ನುವುದರಲ್ಲಿ ಅನುಮಾನವಿಲ್ಲ. ಪಂಪ ತನ್ನ ದೊರೆ ಅರಿಕೇಸರಿಯನ್ನು ಅರ್ಜುನನೆಂದೇ ಹಾಡಿದರೂ ಓದುಗರ ಮನಸ್ಸನ್ನು ಕರ್ಣನಿಗೆ ಒಪ್ಪಿಸಿದ. ಭೀಮನನ್ನು ನಾಯಕನಾಗಿಸಿದ ರನ್ನ, ಹೆಣಗಳ ನಡುವೆ ಅಲೆದು ಅಳುವ ದುರ್ಯೋಧನನಿಗೆ ತನ್ನ ಒಳ್ಳೆಯ ಪದ್ಯಗಳನ್ನು ಕೊಟ್ಟ. ಕುಮಾರವ್ಯಾಸನ ಅರ್ಜುನನಂತೂ ಬಾಣ ಹೂಡಿದ ಕೈಯಲ್ಲೇ ಕರಗುತ್ತಾನೆ. ಇದು ಕಾವ್ಯದ ದೊಡ್ಡತನ, ಒಪ್ಪುತ್ತೇನೆ. ಆದರೆ ಕರಗಿದ ಮೇಲೂ ಬಾಣ ಹೋಗಿಯೇ ಹೋಯಿತು. ಕಾನೂನು ಮುರಿದವನಿಗೂ, ಮುರಿದದ್ದನ್ನು ನೋಡಿದ ನಮಗೂ ಕಣ್ಣೀರೇ ಪ್ರಾಯಶ್ಚಿತ್ತವಾಗಿಬಿಟ್ಟಿದೆ ಎನ್ನುವುದು ನನ್ನ ತಕರಾರು. ಹಳ್ಳಿಯ ನಾಟಕದವರು ಈ ದಾರಿಯಲ್ಲಿ ಇನ್ನೊಂದು ಹೆಜ್ಜೆ ಮುಂದೆ. ಅಳಿಸಲು ಬರುವ ಸಾವುಗಳನ್ನೆಲ್ಲ ರಂಗಕ್ಕೆ ತರುತ್ತಾರೆ. ಭೂರಿಶ್ರವಸ್ಸಿನ ಸಾವನ್ನು ಮಾತ್ರ ನಾನು ಯಾವ ನಾಟಕದಲ್ಲೂ ನೋಡಿಲ್ಲ. ಅದಕ್ಕೆ ಒಪ್ಪುವ ಸಮರ್ಥನೆ ಸಿಕ್ಕುವುದು ಕಷ್ಟ, ಅದಕ್ಕೇ ಇರಬೇಕು.

ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನನ್ನ ಅಕ್ಕನ ಮಗಳು ಭಾನುವಾರ ಗೆಳತಿಯರೊಂದಿಗೆ ಮೇಜಿನ ಸುತ್ತ ಕೂತು ಒಂದು ವಿದೇಶಿ ಆಟ ಆಡುತ್ತಾಳೆ. ಹೆಸರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬಿಬ್ಬರು ಅಮೆರಿಕದಲ್ಲಿ 1974ರಲ್ಲಿ ಹೊರತಂದದ್ದು. ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ ಮಾತಾಡುತ್ತಾರೆ, ಒಬ್ಬರು ಸೂತ್ರಧಾರರಾಗಿ ಕಥೆ ನಡೆಸುತ್ತಾರೆ, ಏಟು ತಾಗಿತೇ ಇಲ್ಲವೇ ಎನ್ನುವುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ಒಂದು ರೀತಿಯಲ್ಲಿ ನಮ್ಮ ನಾಟಕವೂ ಹೌದು, ಚೌಕಾಬಾರವೂ ಹೌದು. 2000ದಲ್ಲಿ ಬಂದ ಅದರ ನಿಯಮಪುಸ್ತಕದಲ್ಲಿ ನಿದ್ದೆ ಹೋದವನು, ಕಟ್ಟಿಹಾಕಿದವನು, ಪ್ರಜ್ಞೆ ತಪ್ಪಿದವನು ಇಂಥವರ ಮೇಲೆ ಬೀಳುವುದಕ್ಕೇ ಬೇರೆ ಕಾನೂನು. ಏಟು ತಪ್ಪುವ ಮಾತೇ ಇಲ್ಲ. ಏಟು ತಿಂದೂ ಜೀವ ಉಳಿದವನು ದಾಳದಲ್ಲಿ ಗೆಲ್ಲದಿದ್ದರೆ ಅಲ್ಲಿಗೇ ಸಾವು. ಇದಕ್ಕೆ ಇಟ್ಟ ಹೆಸರು ‘ಕೂ ದ ಗ್ರಾಸ್’, ಫ್ರೆಂಚ್ ಮಾತು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಕರುಣೆಯ ಏಟು! ಅಸಹಾಯಕರನ್ನು ಕೊಲ್ಲುವ ಕ್ರಿಯೆಗೆ ಕರುಣೆಯ ಹೆಸರು ಸಿಕ್ಕುವುದು ನಮ್ಮ ಪುರಾಣದಲ್ಲಿ ಮಾತ್ರವಲ್ಲ. 2014ರ ಪುಸ್ತಕದಲ್ಲಿ ಆ ಹೆಸರು ಹೋಯಿತು, ಆದರೆ ಪ್ರಜ್ಞೆಯಿಲ್ಲದೆ ಬಿದ್ದವನಿಗೆ ಹತ್ತಿರದಿಂದ ಹೊಡೆದ ಏಟಿಗೆ ಇಮ್ಮಡಿ ದಾಳ.

“ಹಾಗಾದರೆ ನೀವು ಬಿದ್ದವರನ್ನು ಹೊಡೀತೀರೇನೇ?” ಎಂದು ಕೇಳಿದೆ.

“ಇಲ್ಲ ಚಿಕ್ಕಮ್ಮ, ಪುಸ್ತಕದಲ್ಲಿ ಇರೋದೆಲ್ಲ ನಮ್ಮ ಮೇಜಿನ ಮೇಲೆ ನಡೆಯಲ್ಲ. ನಾವು ಮೊದಲೇ ಮಾತಾಡಿಕೊಂಡಿದ್ದೀವಿ. ನಾವು ಬಿದ್ದವರನ್ನ ಹೊಡೆದರೆ, ನಾವು ಬಿದ್ದಾಗ ಅವರೂ ಹೊಡೀತಾರೆ. ಅದಕ್ಕೇ ಯಾರೂ ಹೊಡಿಯಲ್ಲ” ಎಂದಳು.

ಬುದ್ಧಿವಂತ ಹುಡುಗಿಯರು. ಆದರೂ ನನಗೆ ಪೂರ್ತಿ ಸಮಾಧಾನವಾಗಲಿಲ್ಲ. ಭೀಷ್ಮಪರ್ವದ ಒಪ್ಪಂದವೂ ಇದೇ ತಾನೇ? ‘ನೀನು ಹೊಡೆಯದಿದ್ದರೆ ನಾನು ಹೊಡೆಯುವುದಿಲ್ಲ’ ಎನ್ನುವ ಕಾನೂನು ಒಬ್ಬ ಹೊಡೆಯುವವರೆಗೆ ಮಾತ್ರ ಕಾನೂನು. ಅಲ್ಲಿಂದಾಚೆಗೆ ಅದು ಲೆಕ್ಕದ ಪುಸ್ತಕ. ಮೈಸೂರಿನ ಅರಮನೆಯಲ್ಲಿ ವಿಜಯದಶಮಿಯಂದು ನಡೆಯುವ ಜೆಟ್ಟಿಗಳ ವಜ್ರಮುಷ್ಟಿ ಕಾಳಗ ನೋಡಿ. ಒಬ್ಬನ ತಲೆಯಿಂದ ರಕ್ತ ಚಿಮ್ಮಿದೊಡನೆ ಕಾಳಗ ಮುಗಿಯಿತು. ಹೋದ ವರ್ಷ ಯಾರು ಯಾರ ತಲೆ ಒಡೆದಿದ್ದರು ಎನ್ನುವ ವಿಚಾರಣೆ ಅಲ್ಲಿಲ್ಲ. ನಮ್ಮ ಚೌಕಾಬಾರದ ಕಟ್ಟೆಯ ನ್ಯಾಯವೂ ಅದೇ.

ಇನ್ನು ಹೆಂಗಸರ ಮಾತು. ಗಾಲಿ ಎತ್ತುವವರೆಗೆ ತಾಳು, ಇದು ಧರ್ಮ ಎಂದು ಕರ್ಣ ಕೇಳಿದಾಗ ಕೃಷ್ಣ ಕೊಡುವ ಉತ್ತರಕ್ಕೆ ಎಲ್ಲ ಊರಿನಲ್ಲೂ ಸಿಳ್ಳೆ ಬೀಳುತ್ತದೆ. ದ್ರೌಪದಿಯನ್ನು ಸಭೆಗೆ ಎಳೆದು ತಂದಾಗ ನಿನ್ನ ಧರ್ಮ ಎಲ್ಲಿ ಹೋಗಿತ್ತು? ಪ್ರಶ್ನೆ ನ್ಯಾಯವಾದದ್ದೇ. ಆದರೆ ಆ ದಿನ ಸಭೆಯಲ್ಲಿ ಅವಳೂ ಒಂದು ಕಾನೂನಿನ ಪ್ರಶ್ನೆ ಕೇಳಿದ್ದಳು. ಧರ್ಮರಾಯ ಮೊದಲು ಸೋತದ್ದು ತನ್ನನ್ನೋ ನನ್ನನ್ನೋ? ಧರ್ಮ ಸೂಕ್ಷ್ಮ ಎಂದು ಭೀಷ್ಮ ಜಾರಿಕೊಂಡ. ವಿಕರ್ಣನೊಬ್ಬ ಅವಳ ಪರವಾಗಿ ಎದ್ದು ನಿಂತ, ಅವನ ಬಾಯನ್ನು ಕರ್ಣನೇ ಮುಚ್ಚಿಸಿದ. ಆಯುಧವಿಲ್ಲದವರನ್ನು ಹೊಡೆಯಬಾರದೆಂಬ ಕಾನೂನು ರಣರಂಗದ ಗಂಡಸರಿಗಾಗಿ ಹುಟ್ಟಿತು. ಅವಳು ನಿಂತ ಜಾಗದಲ್ಲಿ ಒಂದು ಕಟ್ಟೆಯೂ ಇರಲಿಲ್ಲ. ಅಂದು ಅವಳನ್ನು ಕಾಪಾಡಲಾರದವರೇ ವರ್ಷಗಳ ನಂತರ ಅವಳ ಅವಮಾನವನ್ನು ಎತ್ತಿಕೊಂಡು, ಇನ್ನೊಬ್ಬ ಅಸಹಾಯಕನನ್ನು ಕೊಲ್ಲಲು ಪರವಾನಗಿ ಪತ್ರದಂತೆ ಬಳಸಿಕೊಂಡರು. ಸಿಳ್ಳೆ ಹೊಡೆಯುವಾಗ ಇದನ್ನೂ ಸ್ವಲ್ಪ ನೆನೆಯಬೇಕು. ನಮ್ಮ ಹೆಸರಿನಲ್ಲಿ ನಡೆಯುವ ಜಗಳಗಳಲ್ಲಿ ಎಷ್ಟಕ್ಕೆ ನಮ್ಮ ಅಪ್ಪಣೆ ಕೇಳಿದ್ದಾರೆ, ಹೇಳಿ?

ಅವಳ ಅಪ್ಪಣೆ ಕೇಳಿದ್ದರೆ ಏನು ಹೇಳುತ್ತಿದ್ದಳೋ ಎನ್ನುವುದಕ್ಕೆ ಭಾಗವತದ ಮೊದಲ ಸ್ಕಂಧದಲ್ಲಿ ಒಂದು ಉತ್ತರವಿದೆ. ಮಹಾಭಾರತದ ಸೌಪ್ತಿಕಪರ್ವದ ದ್ರೌಪದಿ ಅಶ್ವತ್ಥಾಮನ ಸಾವನ್ನೇ ಬಯಸಿ ಉಪವಾಸ ಕೂರುತ್ತಾಳೆ, ಅದೂ ಸಹಜವೇ. ಭಾಗವತದ ದ್ರೌಪದಿ ಬೇರೆ. ಮಲಗಿದ್ದ ಅವಳ ಐದು ಮಕ್ಕಳನ್ನು ಕೊಂದವನನ್ನು ಅರ್ಜುನ ಹಗ್ಗದಲ್ಲಿ ಬಿಗಿದು ತಂದು ಅವಳ ಮುಂದೆ ನಿಲ್ಲಿಸುತ್ತಾನೆ. ಕೊಲ್ಲಬೇಕೆಂದು ಭೀಮ ಹಟ ಹಿಡಿಯುತ್ತಾನೆ. ಅವಳು ಬಿಟ್ಟುಬಿಡಿ ಎನ್ನುತ್ತಾಳೆ. ನಾನು ಅಳುತ್ತಿರುವಂತೆ ಇವನ ತಾಯಿಯೂ ಅಳುವುದು ಬೇಡ ಎನ್ನುವುದು ಅವಳು ಕೊಡುವ ಕಾರಣ. ಅವನು ಮಾಡಿದ್ದನ್ನು ಅವಳು ಕ್ಷಮಿಸಿದಳೆಂದು ನನಗನ್ನಿಸುವುದಿಲ್ಲ. ಲೆಕ್ಕದ ಪುಸ್ತಕವನ್ನು ಮುಚ್ಚಿದಳು, ಅಷ್ಟೇ. ಕೊನೆಗೆ ಅವನ ತಲೆಯ ಮಣಿ ಕಿತ್ತು, ಕೂದಲು ಕತ್ತರಿಸಿ ಅಟ್ಟುತ್ತಾರೆ.

ನಮ್ಮ ಕಡೆಯ ನಾಟಕಗಳು ಸಾಮಾನ್ಯವಾಗಿ ದುರ್ಯೋಧನನ ತೊಡೆ ಮುರಿದು ಬೆಳಗಾಗುವ ಹೊತ್ತಿಗೆ ಮಂಗಳ ಹಾಡಿಬಿಡುತ್ತವೆ. ಈಗ ಹೆಂಗಸರೇ ಮೀಸೆ ಕಟ್ಟಿ ಎಲ್ಲ ಪಾತ್ರವನ್ನೂ ಮಾಡುವ ತಂಡಗಳು ಬಂದಿವೆ, ಸಂತೋಷ. ಅವರಲ್ಲಿ ನನ್ನದೊಂದು ಕೋರಿಕೆ. ಮಂಗಳಕ್ಕೆ ಮುಂಚೆ ಈ ಒಂದು ದೃಶ್ಯ ಸೇರಿಸಿಕೊಳ್ಳಿ. ಆನೆ ಬೇಡ, ಕುದುರೆ ಬೇಡ, ರಥವೂ ಬೇಡ. ಒಂದು ಮೊಳ ಹಗ್ಗ ಸಾಕು. ದ್ರೌಪದಿಯ ಪಾತ್ರಕ್ಕೆ ಮಾತ್ರ ಚೆನ್ನಾಗಿ ಮಾತಾಡಬಲ್ಲವರನ್ನು ಹಾಕಿ.