ಕೈಬೀಸಿ ಕರೆಯುವ ದ್ವೀಪ ಮತ್ತು ಕಾರವಾರದ ಸಂನ್ಯಾಸಿ

ಕನ್ನಡದ ಪ್ರವಾಸ ಬರಹಗಳಲ್ಲಿ ದ್ವೀಪ ಎಂದೂ ಸುಮ್ಮನೆ ಇರುವುದಿಲ್ಲ. ಅದು ಸದಾ ಕೈಬೀಸಿ ಕರೆಯುತ್ತಿರುತ್ತದೆ. ಈ ಚಳಿಗಾಲದಲ್ಲಿ ಗೆಳೆಯರೊಡನೆ ಕಾರವಾರ, ಅಂಕೋಲೆಯ ಕಡೆ ಮೂರು ದಿನ ಹೋಗಿಬರುವ ಯೋಜನೆ ಹಾಕುವ ಕೆಲಸ ನನ್ನ ಪಾಲಿಗೆ ಬಂತು. ಆ ನೆಪದಲ್ಲಿ ಪತ್ರಿಕೆಯ ಪುರವಣಿಗಳು, ಕೈಪಿಡಿಗಳು, ಪ್ರವಾಸ ಅಂಕಣಗಳನ್ನೆಲ್ಲ ಒಟ್ಟಿಗೆ ಓದಿದೆ. ಕೂರ್ಮಗಡ ಕೈಬೀಸಿ ಕರೆಯುತ್ತದೆ, ದೇವಗಡ ಕೈಬೀಸಿ ಕರೆಯುತ್ತದೆ, ಮುರ್ಡೇಶ್ವರದ ಆಚೆಯ ನೇತ್ರಾಣಿಯಂತೂ ಎರಡೂ ಕೈ ಬೀಸುತ್ತದೆ. ನಿಸರ್ಗದ ಮಡಿಲು, ಪ್ರವಾಸಿಗರ ಸ್ವರ್ಗ, ಜನಜಂಗುಳಿಯಿಂದ ದೂರ: ಇದೇ ನಾಲ್ಕಾರು ನುಡಿಗಟ್ಟುಗಳು ಊರಿನ ಹೆಸರು ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತವೆ.

ಇದನ್ನು ಬರೀ ಸವಕಲು ಭಾಷೆಯೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಸವಕಲು ಮಾತಿನ ಹಿಂದೆಯೂ ಒಂದು ಜೀವನದೃಷ್ಟಿ ಇರುತ್ತದೆ. ದ್ವೀಪ ಕರೆಯುತ್ತದೆ ಎಂದಮೇಲೆ ಅಲ್ಲಿಗೆ ಹೋಗಲು ಯಾರನ್ನೂ ಕೇಳಬೇಕಾಗಿಲ್ಲ. ಜನಜಂಗುಳಿಯಿಂದ ದೂರ ಎಂದಮೇಲೆ ದೋಣಿ ನಡೆಸುವವನು ಜನರ ಲೆಕ್ಕಕ್ಕೆ ಸೇರುವುದಿಲ್ಲ. ಈ ಬರಹಗಳಲ್ಲಿ ಡಾಲ್ಫಿನ್ ಇದೆ, ಕಡಲ ಹದ್ದು ಇದೆ, ಸೂರ್ಯಾಸ್ತವಿದೆ, ಆದರೆ ಅಲ್ಲಿಯ ಜನರಿಲ್ಲ. ಮನುಷ್ಯರಿಲ್ಲದ ಪ್ರಕೃತಿಯೇ ಶುದ್ಧ ಪ್ರಕೃತಿ, ಅಂಥದ್ದನ್ನು ಎರಡು ಹಗಲು ಒಂದು ರಾತ್ರಿಯಲ್ಲಿ ಪಡೆದು ಬರಬಹುದು ಎಂಬುದು ಅವುಗಳ ಒಳನಂಬಿಕೆ.

ಸೋಜಿಗವೆಂದರೆ, ಈ ನಂಬಿಕೆಯನ್ನು ಪ್ರಶ್ನಿಸಿದ ಕೃತಿಯೊಂದು ಕಾರವಾರದಲ್ಲೇ ಹುಟ್ಟಿತು. ನಗರದ ಕಡಲತೀರಕ್ಕೆ ಈಗ ರವೀಂದ್ರನಾಥ ಟ್ಯಾಗೋರರ ಹೆಸರಿದೆ, ಪ್ರವಾಸ ಲೇಖನಗಳು ಆ ಹೆಸರನ್ನು ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತವೆ. ಐ.ಸಿ.ಎಸ್. ಸೇರಿದ ಮೊದಲ ಭಾರತೀಯರಾದ ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ರವೀಂದ್ರರು 1883ರಲ್ಲಿ, ಇಪ್ಪತ್ತೆರಡರ ವಯಸ್ಸಿನಲ್ಲಿ, ಅಣ್ಣನ ಮನೆಗೆ ಬಂದರು. ಆ ದಿನಗಳ ನೆನಪು 1912ರಲ್ಲಿ ಪುಸ್ತಕವಾಗಿ ಬಂದ ‘ಜೀವನಸ್ಮೃತಿ’ಯಲ್ಲಿ ಒಂದು ಪುಟ್ಟ ಅಧ್ಯಾಯವಾಗಿದೆ. ಅದರ ಇಂಗ್ಲಿಷ್ ಅನುವಾದ ಮಾಡಿದವರು ಸತ್ಯೇಂದ್ರನಾಥರ ಮಗ ಸುರೇಂದ್ರನಾಥ.

ಆ ಅಧ್ಯಾಯದಲ್ಲಿ ದ್ವೀಪಯಾತ್ರೆ ಇಲ್ಲ. ಬೆಳದಿಂಗಳ ಒಂದು ಸಂಜೆ ಕೆಲವರು ಸಣ್ಣ ದೋಣಿಯಲ್ಲಿ ಕಾಳಿ ನದಿಯ ಮೇಲ್ದಿಕ್ಕಿಗೆ ಹೋಗುತ್ತಾರೆ. ಶಿವಾಜಿ ಕಾಲದ್ದೆನ್ನುವ ಕೋಟೆಯೊಂದರ ಬಳಿ ಇಳಿದು, ರೈತನೊಬ್ಬನ ಗುಡಿಸಿ ಚೊಕ್ಕಟ ಮಾಡಿದ ಅಂಗಳದಲ್ಲಿ ಕೂತು, ತಂದ ಬುತ್ತಿ ಬಿಚ್ಚಿ ಉಣ್ಣುತ್ತಾರೆ. ಮರಳುವಾಗ ಹರಿವಿಗೆ ದೋಣಿ ಬಿಟ್ಟು ಬರುವಷ್ಟರಲ್ಲಿ ತಡವಾಗುತ್ತದೆ. ಅಳಿವೆಯಲ್ಲೇ ಇಳಿದು, ನಡುರಾತ್ರಿ ಮರಳಿನ ಮೇಲೆ ಮಾತಿಲ್ಲದೆ ಮನೆಯವರೆಗೆ ನಡೆಯುತ್ತಾರೆ. ಗಾಳಿಮರಗಳ ಸದ್ದೂ ಅಡಗಿದ ಆ ನಡಿಗೆಯೇ ಇಡೀ ಅಧ್ಯಾಯದ ಜೀವ. ಅದು ಯೋಜನೆಯಲ್ಲಿ ಇದ್ದದ್ದಲ್ಲ, ತಡವಾದದ್ದರಿಂದ ಸಿಕ್ಕಿದ್ದು.

ವಿಮರ್ಶಕನಾಗಿ ನನ್ನನ್ನು ಹಿಡಿದು ನಿಲ್ಲಿಸುವುದು ಅದರ ಮುಂದಿನ ಭಾಗ. ಆ ರಾತ್ರಿಯೇ ಬರೆದ ಕವಿತೆಯೊಂದನ್ನು ಟ್ಯಾಗೋರರು ಅಧ್ಯಾಯದಲ್ಲಿ ಸೇರಿಸುತ್ತಾರೆ. ಸೇರಿಸಿ, ಅದರ ಬಗ್ಗೆ ಅನುಮಾನ ಪಡುತ್ತಾರೆ. ಆ ರಾತ್ರಿಯ ನೆನಪಿಲ್ಲದ ಓದುಗನಿಗೆ ಇದು ಹೇಗೆ ಕಂಡೀತೋ ಎನ್ನುತ್ತಾರೆ. ಭಾವನೆ ಉಕ್ಕುತ್ತಿರುವಾಗ ಬರೆದದ್ದೆಲ್ಲ ಒಳ್ಳೆಯ ಬರಹವಾಗಬೇಕಾಗಿಲ್ಲ, ಅನುಭವದಿಂದ ತೀರ ದೂರವೂ ಇರಬಾರದು, ತೀರ ಹತ್ತಿರವೂ ಇರಬಾರದು, ಕಾವ್ಯದ ಬಣ್ಣ ಹಚ್ಚಲು ನೆನಪೇ ತಕ್ಕ ಕುಂಚ ಎಂಬುದು ಅವರ ವಾದದ ಸಾರ. ಅಧ್ಯಾಯದ ಗದ್ಯವೇ ಇದಕ್ಕೆ ಸಾಕ್ಷಿ. ಸುಮಾರು ಮೂವತ್ತು ವರ್ಷಗಳ ಬಳಿಕ ಬರೆದ ಆ ಗದ್ಯದ ಎದುರು ಅದೇ ರಾತ್ರಿಯ ಪದ್ಯ ಪೇಲವವಾಗಿ ಕಾಣುತ್ತದೆ.

ಉತ್ತರ ಕನ್ನಡದ ಓದುಗರಿಗೆ ಈ ಮಾತು ಹೊಸದಲ್ಲ. ಅಂಕೋಲೆಯಿಂದ ಗಂಗಾವಳಿ ದಾಟಿದರೆ ಸಿಗುವ ಹನೇಹಳ್ಳಿಯನ್ನು ಯಶವಂತ ಚಿತ್ತಾಲರು ಬರೆದದ್ದು ಮುಂಬಯಿಯಲ್ಲಿ ಕೂತು. ಆ ದೂರ ಇಲ್ಲದಿದ್ದರೆ ಹನೇಹಳ್ಳಿ ನಮ್ಮ ಸಾಹಿತ್ಯದ ಊರಾಗುತ್ತಿತ್ತೇ? ಹೋದ ದಿನವೇ ಹತ್ತು ಚಿತ್ರ ಹಾಕಿ ಹತ್ತು ಸಾಲು ಬರೆಯುವ ನಮ್ಮ ಕಾಲದ ಪ್ರವಾಸ ಬರಹಕ್ಕೆ ಕೊರತೆಯಾಗಿರುವುದು ಭಾವನೆಯಲ್ಲ, ಈ ಕಾಯುವಿಕೆ.

ಕಾರವಾರದಲ್ಲೇ ಟ್ಯಾಗೋರರು ಬರೆದ ಇನ್ನೊಂದು ಕೃತಿ ‘ಪ್ರಕೃತಿರ್ ಪ್ರತಿಶೋಧ್’, ಅಂದರೆ ಪ್ರಕೃತಿಯ ಸೇಡು. ಅದು 1884ರಲ್ಲಿ ಪ್ರಕಟವಾದ ಕಾವ್ಯನಾಟಕ. ಅದರ ನಾಯಕ ಒಬ್ಬ ಸಂನ್ಯಾಸಿ. ಆಸೆ, ಮಮತೆಗಳನ್ನೆಲ್ಲ ಕತ್ತರಿಸಿಕೊಂಡು ಪ್ರಕೃತಿಯನ್ನು ಗೆದ್ದೆನೆಂದು ತಿಳಿದವನು. ದಾರಿಹೋಕರ, ಹಳ್ಳಿಗರ ಮಾತುಗಳು ಅವನಿಗೆ ಕ್ಷುಲ್ಲಕ. ಎಲ್ಲರೂ ಹೊಲೆಯೆಂದು ದೂರವಿಡುವ ಅನಾಥ ಹುಡುಗಿಯೊಬ್ಬಳು ಅವನಲ್ಲಿ ಆಸರೆ ಕೇಳುತ್ತಾಳೆ. ಮಮತೆ ಮೊಳೆಯುತ್ತಿದ್ದಂತೆ ಹೆದರಿದ ಅವನು ಅವಳನ್ನು ತೊರೆದು ಓಡುತ್ತಾನೆ. ಆಮೇಲೆ ದಂಡ ಕಮಂಡಲ ಬಿಸುಟು ಮನುಷ್ಯರ ನಡುವೆ ಮರಳುತ್ತಾನೆ. ಅಷ್ಟರಲ್ಲಿ ಹುಡುಗಿ ಸತ್ತಿರುತ್ತಾಳೆ.

ಈ ನಾಟಕ ಟ್ಯಾಗೋರರ ದೊಡ್ಡ ಕೃತಿಗಳ ಸಾಲಿನದಲ್ಲ. ಪಾತ್ರಗಳಿಗಿಂತ ವಿಚಾರ ಮುಂದಾಗಿ ನಡೆಯುತ್ತದೆ. ಆದರೂ ತಮ್ಮ ಮುಂದಿನ ಬರಹಗಳ ಮೂಲವಸ್ತು ಇಲ್ಲೇ ಇದೆಯೆಂದು ಅವರೇ ‘ಜೀವನಸ್ಮೃತಿ’ಯಲ್ಲಿ ಗುರುತಿಸುತ್ತಾರೆ: ಸೀಮಿತವಾದದ್ದರ ಒಳಗೇ ಅಸೀಮವನ್ನು ಕಾಣುವ ಸಂತೋಷ. ನನ್ನ ಯೋಜನೆಯ ಕಾಗದದ ಪಕ್ಕ ಇಟ್ಟು ಓದಿದಾಗ ಆ ಸಂನ್ಯಾಸಿ ನನಗೆ ದ್ವೀಪವಾಗಲು ಹೊರಟವನಂತೆ ಕಂಡ. ಜನರಿಂದ ದೂರವಾದರೆ ಅನಂತ ಸಿಗುತ್ತದೆ ಎಂಬ ಅವನ ನಂಬಿಕೆಯೇ ವಾರಾಂತ್ಯದ ಪ್ಯಾಕೇಜಿನ ರೂಪದಲ್ಲಿ ನಮ್ಮ ಮುಂದಿದೆ. ತ್ಯಾಗದ ಕಷ್ಟ ಮಾತ್ರ ಅದರಲ್ಲಿಲ್ಲ.

ಹಾಗೆಂದು ಟ್ಯಾಗೋರರ ಪುಟಗಳನ್ನೂ ಪೂಜಿಸಬೇಕಾಗಿಲ್ಲ. ಕಾಳಿ ದಂಡೆಯ ಆ ಅಂಗಳವನ್ನು ಗುಡಿಸಿದವರು ಯಾರು? ಬೆಳದಿಂಗಳಲ್ಲಿ ಬಂದು ಕೂತ ಸಾಹೇಬರ ಮನೆಯವರನ್ನು ಕಂಡು ಅವರು ಏನೆಂದರು? ಅಧ್ಯಾಯ ಹೇಳುವುದಿಲ್ಲ. ಅಲ್ಲಿಯೂ ಮನೆಯವರು ಮೌನಿಗಳೇ. ಆ ಮೌನದ ಇನ್ನೊಂದು ಬದಿಯನ್ನು ಕೇಳಬೇಕಾದರೆ ಅಂಕೋಲೆಗೆ ಬರಬೇಕು. ಬಡಗೇರಿಯ ಸುಕ್ರಿ ಬೊಮ್ಮಗೌಡರು ಹಾಲಕ್ಕಿ ಒಕ್ಕಲಿಗರ ಹಾಡುಗಳನ್ನು ಬಾಯಲ್ಲೇ ಕಾಪಾಡಿಕೊಂಡು ಬಂದವರು. ಅವರಿಗೆ 2017ರಲ್ಲಿ ಪದ್ಮಶ್ರೀ ಬಂತು, 2025ರಲ್ಲಿ ತೀರಿಕೊಂಡರು. ಆ ಹಾಡುಗಳ ಪರಂಪರೆಯಲ್ಲಿ ಗದ್ದೆ, ಕಾಡು, ಹಕ್ಕಿ ನೋಡುವ ದೃಶ್ಯವಾಗಿ ಬರುವುದಿಲ್ಲ. ಅವು ನೆಟ್ಟಿ, ಕೊಯ್ಲು, ಮದುವೆಗಳ ಜೊತೆ ಬೆಸೆದಿವೆ. ಅದೇ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡರು ಅರಣ್ಯ ಇಲಾಖೆಯ ಸಸಿಮಡಿಗಳಲ್ಲಿ ದುಡಿದವರು. ಯಾವ ತಾಯಿಮರದಿಂದ ಯಾವಾಗ ಬೀಜ ಆಯಬೇಕೆಂಬುದು ಅವರ ತಿಳಿವಳಿಕೆ. 2024ರ ಡಿಸೆಂಬರಿನಲ್ಲಿ ಅವರೂ ಹೋದರು. ಪ್ರಕೃತಿಯ ಬಗ್ಗೆ ಬರೆಯುವ ನಾವು ಈ ಇಬ್ಬರನ್ನೂ ಲೇಖಕರೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ನನ್ನ ಮಟ್ಟಿಗೆ, ಈ ನೆಲದ ನಿಸರ್ಗ ಸಾಹಿತ್ಯದ ಓದು ಅವರನ್ನು ಬಿಟ್ಟು ಪೂರ್ತಿಯಾಗದು.

ಈ ಓದನ್ನು ಜೊತೆಗಿಟ್ಟುಕೊಂಡು ದ್ವೀಪಗಳ ಕಡೆ ನೋಡಿದರೆ ಅವು ಬೇರೆಯಾಗಿ ಕಾಣುತ್ತವೆ. ಆಮೆಯ ಆಕಾರದಿಂದ ಹೆಸರು ಪಡೆದ ಕೂರ್ಮಗಡದಲ್ಲಿ ನರಸಿಂಹ ದೇವರಿದ್ದಾನೆ. ವರ್ಷಕ್ಕೊಮ್ಮೆ ಪುಷ್ಯ ಹುಣ್ಣಿಮೆಯ ಜಾತ್ರೆಗೆ ಮೀನುಗಾರರ ದೋಣಿಗಳಲ್ಲಿ ಕರ್ನಾಟಕದ, ಗೋವೆಯ ಜನ ಕಡಲು ದಾಟಿ ಹೋಗುತ್ತಾರೆ. ಆ ದ್ವೀಪದ ಅರ್ಥ ಏಕಾಂತದಲ್ಲಿಲ್ಲ, ಆ ದಾಟುವಿಕೆಯಲ್ಲಿದೆ. 2019ರ ಜನವರಿ 21ರಂದು ಅದೇ ಜಾತ್ರೆಯಿಂದ ಮರಳುತ್ತಿದ್ದ ದೋಣಿಯೊಂದು ಮಗುಚಿ 16 ಜನ ಸತ್ತರು. ಘಟ್ಟದ ಮೇಲಿನ ಹಾವೇರಿ ಜಿಲ್ಲೆಯಿಂದ ಬಂದವರೂ ಅವರಲ್ಲಿದ್ದರು. ಆಮೇಲೆ ಬಂದ ಪ್ರವಾಸ ಲೇಖನಗಳನ್ನು ಇದಕ್ಕಾಗಿಯೇ ಹುಡುಕಿ ಓದಿದೆ. ನಾನು ನೋಡಿದವುಗಳಲ್ಲಿ ದ್ವೀಪ ಮತ್ತೆ ಕೈಬೀಸಿ ಕರೆಯುತ್ತಿತ್ತು, ಕಡಲು ಮತ್ತೆ ಶಾಂತವಾಗಿತ್ತು. ಲೈಫ್ ಜಾಕೆಟ್ ಕೇಳಿ ಪಡೆಯಿರಿ, ದೋಣಿಗೆ ಜನ ಹೆಚ್ಚಾದರೆ ಹತ್ತಬೇಡಿ ಎಂಬ ಎರಡು ಸಾಲು ಕೂಡ ಇರಲಿಲ್ಲ. ಸವಕಲು ನುಡಿಗಟ್ಟು ರುಚಿಯನ್ನಷ್ಟೇ ಕೆಡಿಸುತ್ತದೆ ಎಂದು ನಾವು ಭಾವಿಸಿದ್ದೇವೆ. ಅದು ಜನರ ಎಚ್ಚರವನ್ನೂ ಕೆಡಿಸುತ್ತದೆ.

ಅಂಜುದೀವನ್ನು ನೋಡಿ. ವಾಸ್ಕೋ ಡ ಗಾಮ 1498ರಲ್ಲಿ ಲಂಗರು ಹಾಕಿದ, ಪೋರ್ಚುಗೀಸರು ಕೋಟೆ ಕಟ್ಟಿದ, 1961ರ ಡಿಸೆಂಬರಿನಲ್ಲಿ ಭಾರತೀಯ ನೌಕಾಪಡೆ ವಶಪಡಿಸಿಕೊಂಡ ದ್ವೀಪವದು. ಈಗ ಸೀಬರ್ಡ್ ನೌಕಾನೆಲೆಯ ಭಾಗ, ಪ್ರವಾಸಿಗೆ ಪ್ರವೇಶವಿಲ್ಲ. ಆ ನೆಲೆಗಾಗಿ ಕಾರವಾರ, ಅಂಕೋಲಾ ತಾಲ್ಲೂಕುಗಳ ಕಡಲಂಚಿನ ಹಳ್ಳಿಗಳು ಜಾಗ ಬಿಟ್ಟುಕೊಟ್ಟವು. ಜನರಿಲ್ಲದ ತೀರ ಎಂದು ನಾವು ಹೊಗಳುವ ಕೆಲವು ಕಡೆ ಜನರು ಇದ್ದರು, ಎದ್ದು ಹೋದರು. ವನ್ಯಜೀವಿಗಳ ದ್ವೀಪವೆಂದು ಹೆಸರಾದ ನೇತ್ರಾಣಿಯಲ್ಲೂ ಹವಳದ ದಿಬ್ಬಗಳ, ಬಿಳಿಹೊಟ್ಟೆಯ ಕಡಲ ಹದ್ದಿನ ಗೂಡುಗಳ ಜೊತೆ ಭಕ್ತರು ಹರಕೆಗೆ ಬಿಟ್ಟ ಆಡುಗಳಿವೆ, ನೌಕಾಪಡೆಯ ಗುರಿ ಅಭ್ಯಾಸದ ಗುಂಡುಗಳ ಗುರುತೂ ಇದೆ. ಮನುಷ್ಯನ ಹೆಜ್ಜೆ ಬೀಳದ ದ್ವೀಪ ಈ ಕಡಲಿನಲ್ಲಿಲ್ಲ.

ಕೊನೆಗೆ ನನ್ನ ಯೋಜನೆಯನ್ನೂ ಬರೆದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ನೂಲುಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ, ಚಳಿಗಾಲದಲ್ಲಿ ಮರಳಿಗೆ ಬಂದು ಮೊಟ್ಟೆಯಿಡುವ ಆಲಿವ್ ರಿಡ್ಲೆ ಆಮೆಗಳು: ಇಲ್ಲಿಯ ಕಡಲಿಗೆ ತನ್ನದೇ ಪಂಚಾಂಗವಿದೆ. ನಮ್ಮ ಮೂರು ದಿನ ಅದರೊಳಗೆ ಕೂರಬೇಕು. ಮೊದಲ ಸಂಜೆ ಕಾಳಿಯ ದಂಡೆ. ಎರಡನೆಯ ದಿನ ಕೂರ್ಮಗಡ, ಅದೂ ದೋಣಿಯವರು ಇವತ್ತು ಹೋಗಬಹುದು ಎಂದರೆ ಮಾತ್ರ. ಮೂರನೆಯ ದಿನ ಅಂಕೋಲೆ, ಅಲ್ಲಿ ಏನೆಂದು ಬರೆದಿಲ್ಲ. ಗೆಳೆಯರಿಗೆ ಕಳಿಸಿದ ಕಾಗದದ ಜೊತೆ ‘ಜೀವನಸ್ಮೃತಿ’ಯ ಕಾರವಾರದ ಅಧ್ಯಾಯವನ್ನೂ ಸೇರಿಸಿದ್ದೇನೆ. ಊಟದ ವ್ಯವಸ್ಥೆ ಏನು ಎಂದು ಒಬ್ಬರು ಕೇಳಿದ್ದಾರೆ. ಬುತ್ತಿ ಕಟ್ಟಿಕೊಂಡು ಬನ್ನಿ, ಅಂಗಳ ಯಾರದೆಂದು ಕೇಳಿ ತಿಳಿದುಕೊಂಡು ಕೂರೋಣ ಎಂದು ಉತ್ತರಿಸಿದ್ದೇನೆ.